ಗೋಡೆಯೊಳಗಿನ ದಾರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರ ಕಾಲದಲ್ಲಿ ವೈರಿಂಗ್ ಇರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಇನ್ನೊಂದು ತುಂಡು ಸೇರಿಸುತ್ತಿದ್ದರೋ ಏನೋ!

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. "ಸಾರ್, ಮನೆ ಕಟ್ಟಿಸ್ತಾ ಇದೀನಿ. ಗೋಡೆ ಕಟಿಂಗ್ ಮಾಡಿ ಪೈಪ್ ಎಲ್ಲ ಹಾಕಿದ್ದಾಯ್ತು. ಸೋಮವಾರದಿಂದ ಪ್ಲಾಸ್ಟರಿಂಗ್. ಗೃಹಪ್ರವೇಶಕ್ಕೆ ನೀವೂ ಅಮ್ಮನೂ ಬರಲೇಬೇಕು" ಎಂದ.

"ಗೃಹಪ್ರವೇಶಕ್ಕೆ ಹೇಗೂ ಬರ್ತೀವಿ ಮಾರಾಯ. ಅದಕ್ಕೆ ಮೊದಲು ಈ ಭಾನುವಾರವೇ ಒಂದು ಸಲ ಬರ್ತೀನಿ" ಎಂದೆ. ಅವನಿಗೆ ಆಶ್ಚರ್ಯವಾಯಿತು. ಗಾರೆಯಿಲ್ಲದ, ಧೂಳು ತುಂಬಿದ ಮನೆಯಲ್ಲಿ ಮೇಷ್ಟ್ರಿಗೆ ನೋಡುವುದೇನಿದೆ?

ಇದೆ. ಗೃಹಪ್ರವೇಶದ ದಿನ ಬಂದವರು ನೆಲದ ಟೈಲ್ಸ್ ನೋಡುತ್ತಾರೆ, ಬಾಗಿಲಿನ ಕೆತ್ತನೆ ಸವರುತ್ತಾರೆ, ಸ್ವಿಚ್ ಒತ್ತಿ "ದೀಪ ಚೆನ್ನಾಗಿದೆ" ಎನ್ನುತ್ತಾರೆ. ಆ ದೀಪಕ್ಕೆ ಕರೆಂಟು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಮನೆ ಯಜಮಾನನಿಗೆ ಗೊತ್ತಿರುವುದಿಲ್ಲ. ಆ ದಾರಿ ಕಣ್ಣಿಗೆ ಕಾಣುವುದು ಪೈಪು ಕೂರಿಸಿದ ಮೇಲೆ, ಗಾರೆ ಬೀಳುವುದಕ್ಕೆ ಮೊದಲು. ಬಹಳವೆಂದರೆ ನಾಲ್ಕಾರು ದಿನ. ಆ ದಿನಗಳಲ್ಲಿ ನೋಡದೆ ಬಿಟ್ಟದ್ದನ್ನು ಆಮೇಲೆ ನೋಡಬೇಕಾದರೆ ಗೋಡೆಯನ್ನೇ ಒಡೆಯಬೇಕು. ಈ ಮಾತು ನಾನು ಪುಸ್ತಕ ಓದಿ ಹೇಳುತ್ತಿರುವುದಲ್ಲ, ಪೆಟ್ಟು ತಿಂದು ಹೇಳುತ್ತಿರುವುದು.

ನಮ್ಮ ಮನೆ ಕಟ್ಟಿಸಿದ್ದು 2009ರಲ್ಲಿ. ನಮ್ಮದು ಮಲೆನಾಡಿನ ಊರು. ಹೊರಗೋಡೆ ಜಂಬಿಟ್ಟಿಗೆಯದು, ಒಳಗೋಡೆ ಇಟ್ಟಿಗೆಯದು. ಪ್ಲಾಸ್ಟರಿಂಗ್ ನಡೆದ ವಾರ ನಾನು ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಬೇರೆ ಊರಿನಲ್ಲಿದ್ದೆ. ಬರುವಷ್ಟರಲ್ಲಿ ಗೋಡೆಗಳು ನುಣ್ಣಗಾಗಿದ್ದವು. ನೋಡಿ ಖುಷಿಪಟ್ಟೆ. ಮರುವರ್ಷ ಜನವರಿಯಲ್ಲಿ ಅಡುಗೆಮನೆಯ ಗೋಡೆಗೆ ಹೊಸ ಕ್ಯಾಲೆಂಡರ್ ತೂಗುಹಾಕಲು ನಾನೇ ಎರಡೂವರೆ ಇಂಚಿನ ಮೊಳೆ ಹೊಡೆದೆ. ಯಾವ ತೊಂದರೆಯೂ ಕಾಣಲಿಲ್ಲ. ದೀಪ ಉರಿಯಿತು, ಮಿಕ್ಸಿ ತಿರುಗಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನನ್ನಾಕೆ, "ರೀ, ತಟ್ಟೆ ಸ್ಟ್ಯಾಂಡ್ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ" ಎಂದಳು. ನಾನು ಹೇಳಿ ಕೇಳಿ ವಿಜ್ಞಾನದ ಮೇಷ್ಟ್ರು. ಟೆಸ್ಟರ್ ತಂದು ಸ್ಟ್ಯಾಂಡಿಗೆ ಹಿಡಿದೆ, ಗೋಡೆಗೆ ಹಿಡಿದೆ. ದೀಪ ಹತ್ತಲಿಲ್ಲ. ಕೈಯಿಂದಲೂ ಮುಟ್ಟಿ ನೋಡಿದೆ, ಏನೂ ಇಲ್ಲ. "ಚಳಿಗೆ ಕೈ ಜೋಮು ಹಿಡಿದಿರಬೇಕು" ಎಂದು ತೀರ್ಪು ಕೊಟ್ಟೆ. ವಾರದ ಮೇಲೆ ಅವಳು ಮತ್ತೆ ಹೇಳಿದಳು. ಡಾಕ್ಟರಿಗೆ ತೋರಿಸೋಣ, ನರಗಳ ದೌರ್ಬಲ್ಯವಿರಬಹುದು ಎಂದೆ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು.

ಜುಲೈ ಒಂದನೇ ತಾರೀಖು ಬೆಳಿಗ್ಗೆ ಏಳನೆಯ ತರಗತಿಯಲ್ಲಿದ್ದ ಮಗಳು ತಟ್ಟೆ ತೊಳೆದಿಟ್ಟು, ಒದ್ದೆ ಕೈಯಲ್ಲೇ ಕ್ಯಾಲೆಂಡರಿನ ಹಾಳೆ ತಿರುಗಿಸಲು ಹೋದಳು. ಬೆರಳು ಮೊಳೆಗೆ ತಾಗಿತು. ಕಿರುಚಿ ಹಿಂದಕ್ಕೆ ಬಿದ್ದಳು. ದೇವರು ದೊಡ್ಡವನು, ತಾಗಿದ್ದು ಬೆರಳಿನ ಹಿಂಭಾಗ. ಮೊಳೆಯನ್ನು ಅಂಗೈಯಲ್ಲಿ ಹಿಡಿದಿದ್ದರೆ ಸ್ನಾಯುಗಳು ಬಿಗಿದುಕೊಂಡು ಕೈ ಬಿಡಲಾಗದೆ ಹೋಗಬಹುದಿತ್ತು. ಸುಮಾರು 10 ಮಿಲಿ ಆಂಪಿಯರ್ ವಿದ್ಯುತ್ತು ದೇಹದಲ್ಲಿ ಹರಿದರೆ ಆಗುವುದೇ ಹಾಗೆ ಎಂದು ತರಗತಿಯಲ್ಲಿ ಪಾಠ ಮಾಡುವವನೇ ನಾನು.

ಮೈನ್ ಆಫ್ ಮಾಡಿ, ಬೇರೆ ವೈರಿಂಗ್‌ನವರನ್ನು ಕರೆಸಿ ಗೋಡೆ ಬಿಡಿಸಿದೆವು. ಗಾರೆಯ ಕೆಳಗೆ ಮುಕ್ಕಾಲು ಇಂಚಿನ ಆಳದಲ್ಲಿ ಕೆಂಪು ವೈರು ಸಿಮೆಂಟಿನಲ್ಲಿ ಬರಿದೇ ಹೂತಿತ್ತು. ಸ್ವಿಚ್ ಬಾಕ್ಸಿನಿಂದ ಮಿಕ್ಸಿಯ ಪ್ಲಗ್ಗಿಗೆ ಓರೆಯಾಗಿ, ಗದ್ದೆಯಲ್ಲಿ ಅಡ್ಡದಾರಿ ಹಿಡಿದು ಹೋದವರಂತೆ ಹೋಗಿತ್ತು. ನನ್ನ ಮೊಳೆ ಅದರ ಪಕ್ಕೆಯನ್ನು ಸೀಳಿಕೊಂಡು ನಿಂತಿತ್ತು. "ಮೇಷ್ಟ್ರೇ, ಇಲ್ಲಿ ಪೈಪೇ ಇಲ್ಲ" ಎಂದ ಬಂದವನು. ಮೂಲೆಯಲ್ಲಿ ನಿಂತಿದ್ದ ನನ್ನಾಕೆ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ನನ್ನ ಪರೀಕ್ಷೆ ಸುಳ್ಳಾದದ್ದು ಏಕೆ? ಅವಳು ಮುಟ್ಟಿದ್ದು ಬೆಳಗಿನ ಜಾವ, ರಾತ್ರಿಯೆಲ್ಲ ಮಳೆ ಕುಡಿದ ಗೋಡೆಯನ್ನು. ಬರಿಗಾಲಲ್ಲಿ, ಒದ್ದೆ ಕೈಯಲ್ಲಿ. ನಾನು ಮುಟ್ಟಿದ್ದು ಸಂಜೆ, ಒಲೆಯ ಶಾಖಕ್ಕೆ ಗೋಡೆ ಆರಿದ ಮೇಲೆ. ಚಪ್ಪಲಿ ಮೆಟ್ಟಿ, ಒಣಗಿದ ಕೈಯಲ್ಲಿ. ಒಣ ಗಾರೆ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲವೆಂದೇ ಹೇಳಬಹುದು. ನೀರು ಹೀರಿದರೆ ಅದರೊಳಗಿನ ಲವಣಗಳು ಕರಗಿ ಸಣ್ಣ ದಾರಿ ತೆರೆದುಕೊಳ್ಳುತ್ತದೆ. ಪ್ರಯೋಗದ ಸ್ಥಿತಿ ಬದಲಾದರೆ ಫಲಿತಾಂಶ ಬದಲಾಗುತ್ತದೆ ಎಂಬ ಮೊದಲ ಪಾಠವನ್ನೇ ನಾನು ಮರೆತಿದ್ದೆ. ನನ್ನಾಕೆಯ ಕೈ ನನ್ನ ಟೆಸ್ಟರಿಗಿಂತ ಸರಿಯಾದ ಉಪಕರಣವಾಗಿತ್ತು.

ಇನ್ನೊಂದು ಪ್ರಶ್ನೆ: ಇಷ್ಟಾದರೂ ಎಂಸಿಬಿ ಏಕೆ ಬೀಳಲಿಲ್ಲ? ಎಂಸಿಬಿಯಾಗಲಿ ಹಳೆಯ ಫ್ಯೂಸಾಗಲಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 6 ಅಥವಾ 10 ಆಂಪಿಯರ್ ಮೀರಿದರೆ ಅದಕ್ಕೆ ಎಚ್ಚರ. ಒದ್ದೆ ಗೋಡೆಯಲ್ಲಿ ಸೋರುವುದು ಆಂಪಿಯರಿನ ಸಾವಿರದಲ್ಲಿ ಕೆಲವು ಭಾಗ. ಆನೆ ಬಂದರೆ ಮಾತ್ರ ಬೊಗಳುವ ನಾಯಿಗೆ ಹಾವು ಕಂಡೀತೆ? ಅದನ್ನು ಕಾಣುವುದು ಆರ್‌ಸಿಸಿಬಿ ಎಂಬ ಬೇರೆ ಸಾಧನ. ಹೋದ ವಿದ್ಯುತ್ತೂ ಹಿಂದಿರುಗಿದ ವಿದ್ಯುತ್ತೂ ಸಮವಾಗಿವೆಯೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವ ಬಗೆಯಲ್ಲಿ, ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಕರೆಂಟು ಕಡಿಯುತ್ತದೆ. ನಮ್ಮ ಮನೆಯಲ್ಲಿ ಅದಿರಲಿಲ್ಲ. ಅದರ ದುಡ್ಡು ಉಳಿಸಿ ಹಜಾರಕ್ಕೆ ತೂಗುದೀಪ ತಂದಿದ್ದೆ.

ಹೀಗಾಗಿ ಭಾನುವಾರ ಬೆಳಿಗ್ಗೆಯೇ ಶಿಷ್ಯನ ಮನೆಗೆ ಹೋದೆ. ವೈರಿಂಗ್ ಹುಡುಗನೂ ಅಲ್ಲೇ ಇದ್ದ. ಚುರುಕಾದ ಹುಡುಗ. ಪೈಪನ್ನು ಎಲ್ಲ ಕಡೆಯೂ ಹಾಕಿದ್ದ, ಆ ಮಟ್ಟಿಗೆ ಸಮಾಧಾನ. ಆದರೆ ಒಂದು ಕಡೆ ಪೈಪು ಓರೆಯಾಗಿ ಹೋಗಿತ್ತು. ಏಕಪ್ಪಾ ಎಂದರೆ, "ಸೀದಾ ಹೋದ್ರೆ ಪೈಪು ಉಳಿಯುತ್ತೆ ಸಾರ್. ನಮಗೆ ಪಾಯಿಂಟ್ ಲೆಕ್ಕ ಅಲ್ವಾ" ಎಂದ. ಅವನದೇನು ತಪ್ಪು? ಒಂದು ಪಾಯಿಂಟಿಗೆ ಇಷ್ಟು ಎಂದು ಸಾಮಾನು ಸೇರಿಸಿ ಒಪ್ಪಂದ ಮಾಡಿಕೊಂಡು, ಅದರಲ್ಲೂ ಚೌಕಾಸಿ ಮಾಡುವವರು ನಾವು. ಉಳಿತಾಯವಾಗುವುದು ಕಣ್ಣಿಗೆ ಕಾಣದ ಕಡೆಯಲ್ಲೇ. ಪೈಪು, ವೈರು, ಬಾಕ್ಸ್‌ಗಳನ್ನು ನಾವೇ ತಂದುಕೊಟ್ಟು ಕೂಲಿಯನ್ನಷ್ಟೇ ಗೊತ್ತುಮಾಡಿದರೆ ಈ ಆಸೆ ಇರುವುದಿಲ್ಲ.

ಓರೆದಾರಿ ಏಕೆ ಕೂಡದು? ನಾಳೆ ಗೋಡೆಗೆ ಮೊಳೆ ಹೊಡೆಯುವವನು ವೈರು ಎಲ್ಲಿದೆ ಎಂದು ಊಹಿಸಬಲ್ಲವನಾಗಿರಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ವೈರಿದ್ದೀತು ಎಂದು ಯಾರಾದರೂ ಊಹಿಸುತ್ತಾರೆ. ಓರೆಯಾಗಿ ಹೋದದ್ದನ್ನು ಊಹಿಸುವುದು ಹೇಗೆ? ಇಂಗ್ಲೆಂಡಿನಲ್ಲಿ ಪೈಪಿಲ್ಲದೆ, ಮೇಲೊಂದು ಹೊದಿಕೆಯಿರುವ ಚಪ್ಪಟೆ ಕೇಬಲನ್ನೇ ಗಾರೆಯಡಿ ಹಾಕುವ ರೂಢಿ ಇದೆ. ಆದರೆ 50 ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿ ಹಾಗೆ ಹಾಕುವುದಾದರೆ, ಸ್ವಿಚ್ ಅಥವಾ ಪ್ಲಗ್ಗಿನ ನೇರಕ್ಕೆ ಮೇಲೆ ಕೆಳಗೆ ಅಥವಾ ಅಕ್ಕಪಕ್ಕದಲ್ಲಿ, ಇಲ್ಲವೇ ಗೋಡೆಯ ಮೇಲಂಚಿನ ಮತ್ತು ಮೂಲೆಯ 150 ಮಿಲಿಮೀಟರ್ ಪಟ್ಟಿಯಲ್ಲಿ ಮಾತ್ರ ಹಾಕಬೇಕೆಂಬ ನಿಯಮವಿದೆ. ನಾವು ಬಳಸುವುದು ಒಂದೇ ಪದರದ ಬಿಡಿ ವೈರು. ಅದಕ್ಕೆ ಪೈಪಂತೂ ಬೇಕೇ ಬೇಕು. ಮನೆ ವೈರಿಂಗಿಗೆ ನಮ್ಮಲ್ಲಿರುವ ಮಾನಕ ಐಎಸ್ 732. ಪೈಪಿಗೆ ಐಎಸ್ 9537, ಪಿವಿಸಿ ವೈರಿಗೆ ಐಎಸ್ 694. ಕೊಳ್ಳುವಾಗ ಪೈಪಿನ ಮೇಲೆ, ವೈರಿನ ಮೇಲೆ ಈ ಅಂಕಿ ಅಚ್ಚಾಗಿದೆಯೇ ನೋಡಿಕೊಳ್ಳಿ.

ಪೈಪೆಂದರೆ ಬರಿಯ ಕವಚ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದೊಂದು ದಾರಿ. ಗಟ್ಟಿ ಮೊಳೆಯ ಪೆಟ್ಟಿಗೆ, ಡ್ರಿಲ್ಲಿಂಗ್ ಮೆಷಿನ್ನಿಗೆ ಪಿವಿಸಿ ಪೈಪೂ ಸೀಳಬಹುದು. ಆದರೆ ಪೈಪಿದ್ದರೆ ಕೆಟ್ಟ ವೈರನ್ನು ಎಳೆದು ತೆಗೆದು, ಅದೇ ದಾರಿಯಲ್ಲಿ ಹೊಸದನ್ನು ಎಳೆಯಬಹುದು. ಗಾರೆಯಲ್ಲಿ ಹೂತ ವೈರಿಗೆ ಆ ಭಾಗ್ಯವಿಲ್ಲ. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ವೈರು ಎಳೆಯುತ್ತಿದ್ದರು. ನೋಡಲು ಅಂದವಿರಲಿಲ್ಲ, ನಿಜ. ಆದರೆ ಎಲ್ಲಿ ಇಲಿ ಕಡಿದಿದೆ, ಎಲ್ಲಿ ಬಣ್ಣ ಕಪ್ಪಾಗಿದೆ ಎಂದು ಮನೆಯ ಅಜ್ಜಿಗೂ ಕಾಣುತ್ತಿತ್ತು. ಅಂದಕ್ಕಾಗಿ ಅದನ್ನು ಗೋಡೆಯೊಳಗೆ ತಳ್ಳಿದ ಮೇಲೆ, ಬೇಕಾದಾಗ ಹೊರಗೆ ತೆಗೆಯುವ ಉಪಾಯವೂ ಇರಬೇಡವೇ?

ಆದ್ದರಿಂದ ಪೈಪಿನ ತಿರುವು ದುಂಡಗಿರಲಿ. ನೇರ ಮೂಲೆಯ ಎಲ್ಬೋಗಿಂತ ಉದ್ದ ಬೆಂಡು ಒಳ್ಳೆಯದು. ಕೂಡುವಲ್ಲಿ ಅಂಟು ಹಾಕಿರಬೇಕು, ಇಲ್ಲದಿದ್ದರೆ ಸಿಮೆಂಟು ಹಾಲು ಒಳಗಿಳಿದು ಗಟ್ಟಿಯಾಗುತ್ತದೆ. ವೈರಿಗೆ ಜಾಯಿಂಟ್ ಹಾಕುವುದಿದ್ದರೆ ಬಾಕ್ಸಿನೊಳಗೆ, ಪೈಪಿನೊಳಗೆ ಎಂದೆಂದಿಗೂ ಬೇಡ. ಪೈಪಿನ ಒಳಜಾಗದಲ್ಲಿ ನೂರಕ್ಕೆ 40 ಪಾಲು ಮಾತ್ರ ವೈರು ತುಂಬಬೇಕೆಂದು ನಿಯಮ. ಉಳಿದದ್ದು ಗಾಳಿಗೆ, ಎಳೆಯುವ ಕೈಗೆ.

ಶಿಷ್ಯನ ಮನೆಯಲ್ಲಿ ನಾನು ಕಂಡ ಎರಡನೆಯ ಸಂಗತಿ ಇನ್ನೂ ಗಂಭೀರವಾದದ್ದು. ಎರಡು ಕೋಣೆಗಳ ನಡುವಿನ ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಆರಡಿ ಉದ್ದ ಅಡ್ಡ ತೋಡು ಹೊಡೆದಿದ್ದರು. ಗೋಡೆಯಲ್ಲಿ ಲಂಬವಾಗಿ ತೋಡುವ ಆಳ ಗೋಡೆಯ ದಪ್ಪದ ಮೂರನೆಯ ಒಂದು ಭಾಗ ಮೀರಬಾರದು, ಅಡ್ಡ ತೋಡುವ ಆಳ ಆರನೆಯ ಒಂದು ಭಾಗ ಮೀರಬಾರದು ಎಂಬುದು ಕಟ್ಟಡದವರ ಲೆಕ್ಕ. ನಾಲ್ಕೂವರೆ ಇಂಚೆಂದರೆ ಸುಮಾರು 115 ಮಿಲಿಮೀಟರ್. ಮೂರನೆಯ ಒಂದು ಭಾಗ 38. 25 ಮಿಲಿಮೀಟರಿನ ಪೈಪು ಕೂತು, ಮೇಲೆ ಅರ್ಧ ಇಂಚು ಗಾರೆಗೆ ಜಾಗ ಸಿಗುತ್ತದೆ. ಆರನೆಯ ಒಂದು ಭಾಗ ಬರೇ 19. ಅದರಲ್ಲಿ 20 ಮಿಲಿಮೀಟರಿನ ಸಣ್ಣ ಪೈಪೂ ಹಿಡಿಸುವುದಿಲ್ಲ! ಅಂದರೆ ಅಂಥ ಗೋಡೆಯಲ್ಲಿ ಅಡ್ಡ ತೋಡಲೇಬಾರದು ಎಂದಂತಾಯಿತು. ಒಂಬತ್ತಿಂಚಿನ ಗೋಡೆಯಾದರೆ ಅಡ್ಡಕ್ಕೂ 38 ಮಿಲಿಮೀಟರ್ ಸಿಗುತ್ತದೆ.

ಕಾರಣ ಸರಳ. ಗೋಡೆ ಭಾರ ಹೊರುವುದು ಮೇಲಿನಿಂದ ಕೆಳಕ್ಕೆ. ಮರವನ್ನು ಉದ್ದಕ್ಕೆ ಗೀರಿದರೆ ನಿಲ್ಲುತ್ತದೆ, ಅಡ್ಡಕ್ಕೆ ಕಚ್ಚು ಹಾಕಿದರೆ ಅಲ್ಲೇ ಮುರಿಯುತ್ತದೆ. ಒಂದೇ ಗೋಡೆಯ ಎರಡು ಮುಖಗಳಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ತೋಡುವುದೂ ತಪ್ಪು. ಪಿಲ್ಲರ್, ಬೀಮುಗಳಿಗಂತೂ ಉಳಿ ತಾಗಿಸಕೂಡದು. ಕಬ್ಬಿಣ ಕಂಡ ಕೂಡಲೇ ಕೈ ನಿಲ್ಲಬೇಕು. ಅಡ್ಡ ದಾರಿ ಬೇಕಾದರೆ ಮೇಲೆ ಸೀಲಿಂಗಿನಲ್ಲಿ ಹೋಗಲಿ. ಮೋಲ್ಡ್ ಹಾಕುವುದಕ್ಕೆ ಮೊದಲೇ ಕಂಬಿಯ ಜೊತೆ ಪೈಪು ಹಾಸಿಕೊಂಡರೆ, ಪ್ರತಿ ಬೋರ್ಡಿಗೂ ಮೇಲಿನಿಂದ ನೇರ ಇಳಿಯಬಹುದು.

ತೋಡು ಮುಚ್ಚುವುದೂ ಒಂದು ಕೆಲಸವೇ. ಪೈಪು ಗೋಡೆಯ ಮಟ್ಟಕ್ಕಿಂತ ಒಳಗೆ ಕೂತಿರಬೇಕು. ಗಾರೆಯವರು ಹೇಗೂ ಮುಚ್ಚುತ್ತಾರೆ ಎಂದು ಮೇಲೆ ಮೇಲೆ ಬಿಟ್ಟರೆ, ಅಲ್ಲಿ ಗಾರೆ ತೆಳುವಾಗಿ ವರ್ಷದೊಳಗೆ ಪೈಪಿನ ಉದ್ದಕ್ಕೂ ಬಿರುಕು ಗೀಟೆಳೆದಂತೆ ಕಾಣಿಸಿಕೊಳ್ಳುತ್ತದೆ. ಆ ಬಿರುಕೇ ಮಳೆಗಾಲದ ತೇವಕ್ಕೆ ಬಾಗಿಲು. ತೋಡಿನ ಧೂಳು ಗುಡಿಸಿ, ನೀರು ಚಿಮುಕಿಸಿ, ಮೊದಲು ಸಿಮೆಂಟು ಮರಳಿನ ಗಾರೆಯಿಂದ ತೋಡನ್ನಷ್ಟೇ ತುಂಬಿ ಗಟ್ಟಿಯಾಗಲು ಬಿಡಬೇಕು. ಅದರ ಮೇಲೆ ಕೋಳಿಗೂಡಿಗೆ ಹಾಕುವ ಜಾಲರಿಯನ್ನು ತೋಡಿನ ಎರಡೂ ಬದಿಗೆ ಚಾಚುವಂತೆ ಹೊಡೆದು, ಆಮೇಲೆ ಪ್ಲಾಸ್ಟರಿಂಗ್. ಬಾಕ್ಸ್ ಮತ್ತು ಪೈಪಿನ ಬಾಯಿಗಳಿಗೆ ಮೊದಲೇ ಕಾಗದವನ್ನೋ ಬಟ್ಟೆಯನ್ನೋ ತುರುಕಿರಬೇಕು. ವೈರು ಎಳೆಯುವುದು ಕ್ಯೂರಿಂಗ್ ಮುಗಿದು ಗೋಡೆ ಒಣಗಿದ ಮೇಲೆಯೇ. ಒದ್ದೆ ಪೈಪಿಗೆ ವೈರು ತುರುಕುವ ಅವಸರ ಬೇಡ.

ಇನ್ನು ವೈರಿನ ದಪ್ಪ. 1841ರಲ್ಲಿ ಜೂಲ್ ಎಂಬ ವಿಜ್ಞಾನಿ ಪ್ರಕಟಿಸಿದ ನಿಯಮವನ್ನು ಹತ್ತನೆಯ ತರಗತಿಯ ಮಕ್ಕಳು ಬಾಯಿಪಾಠ ಮಾಡುತ್ತಾರೆ: ವಿದ್ಯುತ್ತು ಎರಡರಷ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. 3000 ವ್ಯಾಟಿನ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದನ್ನು ದೀಪಕ್ಕೆ ಹಾಕುವ 1 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಕೊಟ್ಟರೆ, ವೈರಿನ ಪ್ರತಿ ಮೀಟರಿನಲ್ಲೂ ಸುಮಾರು 3 ವ್ಯಾಟ್ ಶಾಖ ಹುಟ್ಟುತ್ತದೆ. ಬೋರ್ಡು 10 ಮೀಟರ್ ದೂರವಿದ್ದರೆ ಹೋಗಿಬರುವ ವೈರು 20 ಮೀಟರ್. ಒಟ್ಟು 60 ವ್ಯಾಟ್! ಹಳೆಯ ಕಾಲದ ಒಂದು ಬಲ್ಬಿನ ಕಾವು ಗೋಡೆಯ ಉದ್ದಕ್ಕೂ ಹರಡಿದಂತೆ. ಅದೇ 4 ಚದರ ಮಿಲಿಮೀಟರಿನ ವೈರಾದರೆ 16 ವ್ಯಾಟಿನ ಆಸುಪಾಸು. ಬಯಲಿನ ವೈರಿನ ಕಾವನ್ನು ಗಾಳಿ ಒಯ್ಯುತ್ತದೆ. ಗೋಡೆಯೊಳಗೆ, ನಾಲ್ಕು ವೈರುಗಳ ಜೊತೆ ಪೈಪಿನಲ್ಲಿ ಮಲಗಿದ ವೈರಿನ ಕಾವು ಎಲ್ಲಿಗೆ ಹೋಗಬೇಕು? ಸಾಮಾನ್ಯ ಪಿವಿಸಿ ಹೊದಿಕೆಗೆ 70 ಡಿಗ್ರಿ ಸೆಲ್ಸಿಯಸ್ ಮಿತಿ. ಅದನ್ನು ಮೀರುತ್ತ ಹೋದರೆ ಹೊದಿಕೆ ಬಿರುಸಾಗಿ, ಬಿರಿದು, ಮೊಳೆಯಿಲ್ಲದೆಯೂ ನನ್ನ ಮೊಳೆ ಮಾಡಿದ ಕೆಲಸವನ್ನೇ ಮಾಡುತ್ತದೆ. ದೀಪ, ಫ್ಯಾನುಗಳಿಗೆ ಒಂದೂವರೆ, ಪವರ್ ಪ್ಲಗ್ಗಿಗೆ ಎರಡೂವರೆ, ಗೀಸರ್ ಮತ್ತು ಏಸಿಗೆ 4 ಚದರ ಮಿಲಿಮೀಟರ್ ಎಂದು ಇಟ್ಟುಕೊಂಡರೆ ಮನೆಗೆ ಕ್ಷೇಮ. ಜೊತೆಗೆ ಪ್ರತಿ ಪ್ಲಗ್ಗಿಗೂ ಹಸಿರು ಅರ್ತ್ ವೈರು ತಪ್ಪದೆ ಹೋಗಿರಬೇಕು.

ಎಲ್ಲ ಮುಗಿದು ಕರೆಂಟು ಕೊಡುವುದಕ್ಕೆ ಮೊದಲು ಪರವಾನಗಿ ಇರುವ ಗುತ್ತಿಗೆದಾರರಿಂದ 500 ವೋಲ್ಟಿನ ಮೆಗ್ಗರ್ ಹಚ್ಚಿಸಿ, ನೀವೇ ಪಕ್ಕದಲ್ಲಿ ನಿಂತು ನೋಡಿ. 1 ಮೆಗಾ ಓಮಿಗಿಂತ ಕಡಿಮೆ ತೋರಿಸಿದರೆ ಎಲ್ಲೋ ಹೊದಿಕೆ ಹರಿದಿದೆಯೆಂದೇ ಅರ್ಥ. ಆರ್‌ಸಿಸಿಬಿಯ ಮೇಲೆ ಟಿ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ, ಕರೆಂಟು ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಅದು ಗೋಡೆಯಲ್ಲಿ ಅಲಂಕಾರಕ್ಕಿದೆ, ಅಷ್ಟೇ.

ಕೊನೆಯದಾಗಿ, ಕಾಸು ಖರ್ಚಿಲ್ಲದ ಒಂದು ಕೆಲಸ. ಪ್ಲಾಸ್ಟರಿಂಗಿಗೆ ಮೊದಲು ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಒಂದೊಂದು ಫೋಟೊ ತೆಗೆದಿಡಿ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂಬುದು ಕಾಣಬೇಕು. ಫೋನು ಬದಲಾಗುತ್ತದೆ, ಕಳೆಯುತ್ತದೆ. ಆದ್ದರಿಂದ ಫೋಟೊಗಳನ್ನು ಅಚ್ಚು ಹಾಕಿಸಿ ಮನೆ ಪತ್ರದ ಕಡತದಲ್ಲೇ ಸೇರಿಸಿ. ಮುಂದೆ ನೀರು ಶೋಧಕ ಕೂರಿಸಲು ಡ್ರಿಲ್ಲಿಂಗ್ ಮೆಷಿನ್ ಹಿಡಿದು ಬರುವ ಅಪರಿಚಿತನ ಪ್ರಾಣಕ್ಕೂ ಅದೇ ರಕ್ಷೆ.

ಶಿಷ್ಯ ಸೋಮವಾರದ ಪ್ಲಾಸ್ಟರಿಂಗನ್ನು ಗುರುವಾರಕ್ಕೆ ಹಾಕಿದ. ಅಡ್ಡ ತೋಡನ್ನು ಗಾರೆಯಿಂದ ತುಂಬಿಸಿ, ಪೈಪನ್ನು ಮೇಲಿನಿಂದ ಇಳಿಸಿದ್ದಾರೆ. ಹುಡುಗನಿಗೆ ಆದ ಹೆಚ್ಚಿನ ಪೈಪಿನ ದುಡ್ಡನ್ನು ಅವನೇ ಕೊಟ್ಟನಂತೆ. ಮೊನ್ನೆ ಎಲ್ಲ ಗೋಡೆಗಳ ಫೋಟೊ ಕಳಿಸಿದ್ದ. ನನ್ನಾಕೆಗೆ ತೋರಿಸಿದೆ. ಒಂದೊಂದಾಗಿ ನೋಡಿ, "ಅಡುಗೆಮನೆಯದು ಯಾವುದು?" ಎಂದು ಕೇಳಿದಳು.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಆ ತೇಪೆ ಇನ್ನೂ ಇದೆ. ಹೊಸ ಗಾರೆ ಹಳೆಯದರ ಜೊತೆ ಎಷ್ಟು ಉಜ್ಜಿದರೂ ಬೆರೆಯಲಿಲ್ಲ. ಬಣ್ಣ ಬಳಿಯಲು ಬಂದವರು ಪ್ರತಿ ಸಲವೂ ಪುಟ್ಟಿ ಹಾಕಿ ಮಟ್ಟ ಮಾಡಿಕೊಡುತ್ತೇವೆ ಎನ್ನುತ್ತಾರೆ. ನಾನೇ ಬೇಡ ಎನ್ನುತ್ತೇನೆ. ಮನೆಯಲ್ಲಿ ಯಾರಾದರೂ "ಇಲ್ಲೇನೋ ಸರಿಯಿಲ್ಲ" ಎಂದಾಗ ನಾನು ಮೊದಲು ನೋಡಬೇಕಾದದ್ದು ಟೆಸ್ಟರನ್ನಲ್ಲ, ಆ ತೇಪೆಯನ್ನು.